ಇಸ್ಲಾಮಿನ ಬುನಾದಿ ಮತ್ತು ನಮ್ಮ ನಿತ್ಯದ ಬದುಕು

(ಚಿಕ್ಕೋಡಿಯಲ್ಲಿ ನಡೆದ ಪಕ್ಷದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಗಿರಣಿ ಕಾಮಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದರು.)



ಸಮಾಜವಾದಿಗಳ ಸಭೆಯಲ್ಲಿ ನಮಾಜು, ರೋಜಾಗಳ ಮಾತೇಕೆ ಎಂದು ಕೆಲವರು ಬಾಗಿಲಲ್ಲೇ ನಮ್ಮನ್ನು ಕೇಳಿದರು. ಕಾರಣ ಹೇಳಲು ನಮಗೆ ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ. ನಮ್ಮ ಸಂಘದ ಸಭೆಯನ್ನು ನಾವು ಎಷ್ಟೋ ವರ್ಷ ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಕರೆಯುತ್ತ ಬಂದೆವು. ಮುಸಲ್ಮಾನ ಕಾಮಗಾರರು ಬರುತ್ತಿರಲಿಲ್ಲ. ಅವರಿಗೆ ಸಂಘದಲ್ಲಿ ಆಸ್ಥೆಯಿಲ್ಲ ಎಂದು ನಮ್ಮ ನಮ್ಮಲ್ಲೇ ಮಾತಾಡಿಕೊಂಡೆವು. ಅದು ಜುಮ್ಮಾ ನಮಾಜಿನ ಹೊತ್ತು ಎಂಬುದು ಸಮಿತಿಯ ಒಬ್ಬರಿಗೂ ಹೊಳೆಯಲಿಲ್ಲ. ಒಂದೇ ಬಾಯ್ಲರಿನ ಮುಂದೆ ಬೆವರು ಸುರಿಸುವವನ ವಾರದ ಲೆಕ್ಕವೇ ಗೊತ್ತಿಲ್ಲದವರು ಅವನ ಪಗಾರದ ಲೆಕ್ಕವನ್ನು ಮಾಲೀಕನ ಮುಂದೆ ಹೇಗೆ ಇಟ್ಟಾರು? ಆದ್ದರಿಂದ ಈ ವರ್ಗ.

ನಾವು ಇಲ್ಲಿ ಧರ್ಮಬೋಧೆಗೆ ನಿಂತಿಲ್ಲ, ಧರ್ಮಖಂಡನೆಗೂ ನಿಂತಿಲ್ಲ. ಒಂದು ಧರ್ಮದ ಬುನಾದಿಯು ದುಡಿಯುವವನ ದಿನವನ್ನು ಹೇಗೆ ರೂಪಿಸಿದೆ, ಎಲ್ಲಿ ಅವನ ಕೈ ಹಿಡಿದಿದೆ, ಎಲ್ಲಿ ಉಳ್ಳವರು ಆ ಕೈಯನ್ನು ಬಿಡಿಸಿದ್ದಾರೆ, ಇಷ್ಟನ್ನೇ ನೋಡುವುದು.

ಇಸ್ಲಾಮಿಗೆ ಐದು ಕಂಬಗಳೆಂದು ಆ ಧರ್ಮದವರೇ ಹೇಳುತ್ತಾರೆ. ದೇವನೊಬ್ಬನೇ, ಮುಹಮ್ಮದರು ಅವನ ಪ್ರವಾದಿ ಎಂಬ ಕಲಿಮಾ. ದಿನಕ್ಕೆ ಐದು ಸಲದ ನಮಾಜು. ರಮಜಾನ್ ತಿಂಗಳ ರೋಜಾ. ಉಳ್ಳವನು ವರ್ಷಕ್ಕೊಮ್ಮೆ ಕೊಡಲೇಬೇಕಾದ ಜಕಾತು. ಶಕ್ತಿಯಿದ್ದವನಿಗೆ ಜೀವಮಾನದಲ್ಲಿ ಒಮ್ಮೆ ಹಜ್ಜು. ಇವುಗಳಲ್ಲಿ ಮೊದಲನೆಯದು ನಂಬಿಕೆಯ ಮಾತು. ಉಳಿದ ನಾಲ್ಕು ಮನುಷ್ಯನ ಹೊತ್ತನ್ನು, ಹೊಟ್ಟೆಯನ್ನು, ರೊಕ್ಕವನ್ನು, ಪ್ರಯಾಣವನ್ನು ಹಿಡಿದು ನಿಲ್ಲಿಸುವ ಮಾತುಗಳು. ಹಜ್ಜಿನ ಮಾತನ್ನು ಇಲ್ಲಿಗೇ ಬಿಡುತ್ತೇವೆ. ಈ ಸಭೆಯಲ್ಲಿ ಕೂತವರಲ್ಲಿ ಅದರ ಖರ್ಚು ತಡೆಯುವವರು ಎಷ್ಟು ಜನ ಎಂಬುದು ನಮಗೆಲ್ಲ ಗೊತ್ತಿದೆ.

ಮೊದಲು ಹೊತ್ತು. ನಸುಕಿನ ಫಜರ್, ಮಧ್ಯಾಹ್ನದ ಜೊಹರ್, ಇಳಿಹೊತ್ತಿನ ಅಸರ್, ಸೂರ್ಯ ಮುಳುಗಿದೊಡನೆ ಮಗರಿಬ್, ರಾತ್ರಿಯ ಇಶಾ. ಗಿರಣಿಯ ಭೋಂಗಾ ಬರುವ ಮುಂಚೆ ಊರಿನ ಹೊತ್ತನ್ನು ಹೇಳುತ್ತಿದ್ದವು ಗುಡಿಯ ಗಂಟೆ ಮತ್ತು ಮಸೂತಿಯ ಆಜಾನು. ಶುಕ್ರವಾರದ ಜುಮ್ಮಾದಲ್ಲಿ ಊರವರೆಲ್ಲ ಕೂಡಿ ನಿಲ್ಲಬೇಕು. ಆದರೆ ಅದು ರಜೆಯ ದಿನವಲ್ಲ, ಇದನ್ನು ನಮ್ಮ ವ್ಯಾಪಾರಿ ಬಂಧುಗಳು ಗಮನಿಸಬೇಕು. ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬನ್ನಿ, ನಮಾಜು ಮುಗಿದ ಮೇಲೆ ಚದುರಿ ಹೋಗಿ ದುಡಿಮೆ ಹುಡುಕಿಕೊಳ್ಳಿ ಎಂಬುದು ಕುರಾನಿನ 62ನೆಯ ಅಧ್ಯಾಯದ ಮಾತಿನ ತಿರುಳು. ವ್ಯಾಪಾರಸ್ಥರ ಊರಾದ ಮಕ್ಕೆಯಲ್ಲಿ ಸುಮಾರು 570ರಲ್ಲಿ ಅನಾಥನಾಗಿ ಹುಟ್ಟಿ, ತಾವೂ ವ್ಯಾಪಾರಕ್ಕಾಗಿ ತಿರುಗಾಡಿದ ಪೈಗಂಬರರಿಗೆ ಅಂಗಡಿ ಮುಚ್ಚುವ ಕಷ್ಟ ಗೊತ್ತಿತ್ತು.

ಇನ್ನು ಹೊಟ್ಟೆ. ಹಿಜರಿ ವರ್ಷವೆಂದರೆ ಚಂದ್ರನ 12 ತಿಂಗಳು, ಸುಮಾರು 354 ದಿನ. ನಮ್ಮ ಪಂಚಾಂಗದಲ್ಲಿರುವ ಅಧಿಕಮಾಸ ಅದರಲ್ಲಿಲ್ಲ. ಆದ್ದರಿಂದ ರಮಜಾನ್ ತಿಂಗಳು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2018ರಲ್ಲಿ ಅದು ಮೇ-ಜೂನಿನ ಉರಿಯಲ್ಲಿ ಬಿದ್ದಿತ್ತು. 2027ರಲ್ಲಿ ಫೆಬ್ರುವರಿಗೆ, 2028ರಲ್ಲಿ ಜನವರಿಯ ಕೊನೆಗೆ ಸರಿಯುತ್ತದೆ. ಅಂದರೆ ಉಗಾರ, ಚಿಕ್ಕೋಡಿ, ರಾಯಬಾಗ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮಿನೊಳಗೆ. ಬೇನೆಯವನಿಗೂ ಪ್ರಯಾಣಿಕನಿಗೂ ರೋಜಾದಲ್ಲಿ ರಿಯಾಯಿತಿಯುಂಟು. ಬಿಟ್ಟ ದಿನಗಳನ್ನು ಆಮೇಲೆ ತೀರಿಸಬೇಕು. ಬಾಯ್ಲರಿನ ಮುಂದೆ ನಿಲ್ಲುವವನಿಗೆ ಅಲ್ಲಿ ಹೆಸರು ಹಿಡಿದು ಹೇಳಿದ ರಿಯಾಯಿತಿಯಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಹಿಂದೂ ಸಂಗಾತಿ ಹದಿನೈದು ನಿಮಿಷ ಅವನ ಯಂತ್ರವನ್ನು ತಾನು ನೋಡಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಭಾರತ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವನ ಪಾಳಿಯನ್ನು ಮುಸಲ್ಮಾನ ತುಂಬುವುದನ್ನೂ ಕಂಡಿದ್ದೇವೆ. ಯಾವ ಸುತ್ತೋಲೆಯೂ ಇದನ್ನು ಹೇಳಿಕೊಟ್ಟದ್ದಲ್ಲ. ಆದರೆ ಪಾಳಿ ಬದಲಾಯಿಸಿಕೊಳ್ಳುವ ಹಕ್ಕು ಮುಕಾದಮನ ಮನಸ್ಸಿನ ಮೇಲೆ ನಿಲ್ಲಬಾರದು. ಹಂಗಾಮು ಆರಂಭವಾಗುವ ಮುಂಚೆ ಸಂಘವೇ ಅದನ್ನು ಬರವಣಿಗೆಯಲ್ಲಿ ಕೇಳಬೇಕು.

ಈಗ ರೊಕ್ಕದ ಮಾತು. ಇಲ್ಲಿ ನಾವು ತುಸು ಹೆಚ್ಚು ಹೊತ್ತು ನಿಲ್ಲುತ್ತೇವೆ, ಯಾಕೆಂದರೆ ಬುನಾದಿ ಒಂದು ಹೇಳಿ, ರೂಢಿ ಇನ್ನೊಂದು ಮಾಡುವುದು ಇಲ್ಲಿಯೇ.

ಜಕಾತು ಎಂಬ ಶಬ್ದ ನಮ್ಮ ಭಾಗದ ಹಳೆಯ ವ್ಯಾಪಾರಿಗಳಿಗೆ ಹೊಸದಲ್ಲ. ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ ವಸೂಲು ಮಾಡುತ್ತಿದ್ದ, ಈಗ ರದ್ದಾಗಿರುವ ಜಕಾತಿಯೂ ಇದೇ ಶಬ್ದದಿಂದ ಬಂದದ್ದು. ಧರ್ಮದ ಜಕಾತಿನ ಲೆಕ್ಕ ಹೀಗಿದೆ: ಏಳೂವರೆ ತೊಲೆ ಬಂಗಾರ ಅಥವಾ ಐವತ್ತೆರಡೂವರೆ ತೊಲೆ ಬೆಳ್ಳಿಯ ಬೆಲೆಯಷ್ಟು ಆಸ್ತಿ ಸಾಲ ಕಳೆದು ಉಳಿದು, ಒಂದು ಚಾಂದ್ರವರ್ಷ ಕೈಯಲ್ಲಿ ನಿಂತಿದ್ದರೆ, ಅದರ ನೂರಕ್ಕೆ ಎರಡೂವರೆ ಪಾಲನ್ನು ಕೊಟ್ಟುಬಿಡಬೇಕು. ವಾಸದ ಮನೆ, ದುಡಿಯುವ ಉಪಕರಣ ಇದರಲ್ಲಿ ಸೇರುವುದಿಲ್ಲ. ಅಂಗಡಿಯಲ್ಲಿ ಮಾರಲು ಇಟ್ಟ ಸರಕು ಸೇರುತ್ತದೆ. ವಖಾರಿಯಲ್ಲಿ 40 ಲಕ್ಷ ರೂಪಾಯಿಯ ತಂಬಾಕು ಇಟ್ಟ ವ್ಯಾಪಾರಿ, ಸಾಲವಿಲ್ಲದಿದ್ದರೆ, ವರ್ಷಕ್ಕೆ ಒಂದು ಲಕ್ಷ ಕೊಡಬೇಕು. ಲಾಭದ ಮೇಲಲ್ಲ, ಇದ್ದ ಆಸ್ತಿಯ ಮೇಲೆ. ಇಂಥ ತೆರಿಗೆಯನ್ನು ಈಗ ನಮ್ಮ ಪಕ್ಷ ಕೇಳಿದರೆ ಪತ್ರಿಕೆಗಳವರು ನಮ್ಮನ್ನು ಹುಚ್ಚರೆನ್ನುತ್ತಾರೆ.

ಇದು ಯಾರಿಗೆ ಸಲ್ಲಬೇಕೆಂಬುದನ್ನು ಕುರಾನಿನ 9ನೆಯ ಅಧ್ಯಾಯ ಎಂಟು ಬಾಬುಗಳಲ್ಲಿ ಹೇಳುತ್ತದೆ. ಬಡವರು, ನಿರ್ಗತಿಕರು ಮೊದಲು. ಗುಲಾಮರ ಬಿಡುಗಡೆಯೂ ಅದರಲ್ಲಿದೆ, ಸಾಲದಲ್ಲಿ ಸಿಕ್ಕಿಬಿದ್ದವರೂ ಇದ್ದಾರೆ. ಸಾಲಗಾರನ ಬಾಬು ನಮ್ಮ ಕಿವಿಗೆ ಬೀಳಬೇಕು. ವಾರದ ಕಂತಿಗಾಗಿ ಮನೆಯ ಕಟ್ಟೆಯ ಮೇಲೆ ಬಂದು ಕೂಡುವ ಫೈನಾನ್ಸಿನವರ ಕಾಟ ಎಷ್ಟಾಯಿತೆಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಂತು ತುಂಬಲಾರದೆ ಊರು ಬಿಟ್ಟ ಬೀಡಿ ಕಟ್ಟುವ ಹೆಂಗಸು ಆ ಎಂಟರೊಳಗಿನವಳೇ.

ನಮ್ಮ ಪೇಟೆಗಳಲ್ಲಿ ಆಗುವುದೇನು? ರಮಜಾನಿನ ಕೊನೆಯ ದಿನಗಳಲ್ಲಿ ದೊಡ್ಡ ಮನೆಗಳ ಬಾಗಿಲಲ್ಲಿ ಬುರುಖಾ ಹಾಕಿದ ಬಡ ಹೆಂಗಸರ ಸಾಲು. ಒಂದು ನೋಟು, ಒಂದು ಸೀರೆ, ಒಂದು ಪಾಕೀಟು ಶಾವಿಗೆ. ಹಕ್ಕಾಗಿ ಬರಬೇಕಾದದ್ದು ಭಿಕ್ಷೆಯಾಗಿ ಬರುತ್ತದೆ, ಕೊಟ್ಟವನ ಹೆಸರು ಊರಲ್ಲಿ ಉಳಿಯುತ್ತದೆ. ಎಲ್ಲರೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಲೆಕ್ಕ ಮಾಡಿ, ಯಾರಿಗೂ ತಿಳಿಯದಂತೆ ಮಕ್ಕಳ ಶಾಲೆಯ ಫೀ ತುಂಬಿದ ಸಣ್ಣ ಅಂಗಡಿಕಾರರನ್ನು ನಾವು ಬಲ್ಲೆವು. ಹೀಗೆ ಕೊಡುವವರಲ್ಲಿ ಸಣ್ಣವರೇ ಹೆಚ್ಚು ಕಂಡರೆ ಅದಕ್ಕೆ ನಾವೇನು ಮಾಡೋಣ. ಆದರೆ ಹನ್ನೊಂದು ತಿಂಗಳು ಕಟ್ಟಿದ ಬೀಡಿಯಲ್ಲಿ ಹಾಳು ಬೀಡಿ ಎಂದು ತೆಗೆದಿಟ್ಟು, ಅದಕ್ಕೆ ಕೂಲಿ ಕೊಡದೆ, ಅದನ್ನು ಮಾರಿ, ಹನ್ನೆರಡನೆಯ ತಿಂಗಳಲ್ಲಿ ಅದೇ ಹೆಂಗಸಿಗೆ ಸೀರೆ ಹಂಚುವ ಗುತ್ತಿಗೆದಾರನಿಗೆ ನಾವು ಹೇಳುವುದಿಷ್ಟು: ಕೂಲಿಯವನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ನಿಮ್ಮ ಪೈಗಂಬರರೇ ಹೇಳಿದ್ದಾರೆ, ಮೊದಲು ಅದನ್ನು ಮಾಡಿರಿ. ಇದೇ ಕಡಿತವನ್ನು ಮಾಡಿ ದೀಪಾವಳಿಗೆ ಮಿಠಾಯಿ ಹಂಚುವ ಹಿಂದೂ ಗುತ್ತಿಗೆದಾರನಿಗೂ ಈ ಮಾತು ಸಲ್ಲುತ್ತದೆ.

ಜಕಾತಿನ ಜೊತೆಗೆ ಫಿತ್ರಾ ಎಂಬುದೊಂದಿದೆ. ಈದಿನ ನಮಾಜಿಗೆ ಮುಂಚೆ ಮನೆಯ ತಲೆತಲೆಗೆ ಒಂದೂಮುಕ್ಕಾಲು ಕಿಲೊ ಗೋದಿಯ ಹತ್ತಿರದ ಲೆಕ್ಕದಲ್ಲಿ ಬಡವನಿಗೆ ಮುಟ್ಟಿಸುವುದು. ಹಬ್ಬದ ದಿನ ಯಾರ ಒಲೆಯೂ ತಣ್ಣಗಿರಬಾರದೆಂಬ ಏರ್ಪಾಡು. ಇದು ನಮ್ಮಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಸಣ್ಣ ಮೊತ್ತವಾದ್ದರಿಂದ ನಡೆಯುತ್ತದೆಯೋ ಏನೋ.

ಬಡ್ಡಿಗೆ ಬರೋಣ. ವ್ಯಾಪಾರ ಸಲ್ಲುತ್ತದೆ, ಬಡ್ಡಿ ಸಲ್ಲುವುದಿಲ್ಲ, ಇದು ಇಸ್ಲಾಮಿನ ಗಟ್ಟಿ ಕಟ್ಟಳೆ. ಪೈಗಂಬರರು ತಮ್ಮ ಕೊನೆಯ ಹಜ್ಜಿನ ಭಾಷಣದಲ್ಲಿ ಬಡ್ಡಿಯನ್ನು ರದ್ದುಮಾಡಿದಾಗ ಮೊದಲು ರದ್ದಾದದ್ದು ತಮ್ಮ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಾದ ಬಡ್ಡಿ. ತನ್ನ ಮನೆಯಿಂದ ಆರಂಭಿಸಿದ ಸುಧಾರಕ! ಈ ಕಟ್ಟಳೆ ನಮ್ಮ ಬಾಗವಾನರ, ಅತ್ತಾರರ ಬದುಕಿನಲ್ಲಿ ಎರಡು ಬಗೆಯಾಗಿ ಕೆಲಸ ಮಾಡಿದೆ. ಒಂದು ಕಡೆ, ಭಯಭಕ್ತಿಯುಳ್ಳ ಸಣ್ಣ ವ್ಯಾಪಾರಿ ಬ್ಯಾಂಕಿನ ಸಾಲಕ್ಕೆ ಹೋಗದೆ ಭಿಶಿಯಲ್ಲಿ ಕೂಡುತ್ತಾನೆ. ಹತ್ತು-ಹನ್ನೆರಡು ಅಂಗಡಿಯವರು ತಿಂಗಳಿಗೆ ಇಷ್ಟೆಂದು ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರು ಎತ್ತುತ್ತಾರೆ. ಬಡ್ಡಿಯಿಲ್ಲ. ಅದರಲ್ಲಿ ಲಿಂಗಾಯತ, ಮರಾಠಾ, ಜೈನ ವ್ಯಾಪಾರಿಗಳೂ ಇರುತ್ತಾರೆ. ಇದು ಬಡವರ ಸಹಕಾರಿ ಬ್ಯಾಂಕು. ಸವಾಲು ಕೂಗಿ ಕಡಿಮೆಗೆ ಎತ್ತುವ ಭಿಶಿ ಬೇರೆ, ಅದು ಬಡ್ಡಿಯ ತಮ್ಮ. ಇನ್ನೊಂದು ಕಡೆ, ಬೆಳಗಿನ ಹರಾಜಿನಲ್ಲಿ ಕಾಯಿಪಲ್ಲೆ ಹಿಡಿಯಲು ರೊಕ್ಕವಿಲ್ಲದ ಗಾಡಿಯವನು ಅದೇ ಬೆಳಗ್ಗೆ ಖಾಸಗಿ ಸಾಲ ತಂದು ಸಂಜೆಗೆ ಹೆಚ್ಚು ಮಾಡಿ ತಿರುಗಿಸುತ್ತಾನೆ. ಅದು ಬಡ್ಡಿಯಲ್ಲ, 'ಖರ್ಚು' ಎಂದು ಕೊಡುವವನು ಹೇಳುತ್ತಾನೆ. ಹೆಸರು ಬದಲಾಯಿಸಿದರೆ ಕಟ್ಟಳೆ ತಪ್ಪುತ್ತದೆಯೇ? ಕೊಡುವವನೂ ಮಸೂತಿಯ ಮೊದಲ ಸಾಲಿನಲ್ಲಿ ನಿಲ್ಲುವವನಿರಬಹುದು. ಅಗ್ಗದ ಸಾಲವನ್ನು ಕೊಡುವ ಸಹಕಾರಿ ಸಂಘವನ್ನು ನಾವೂ ಕಟ್ಟಲಿಲ್ಲ, ಆದ್ದರಿಂದ ಅವನೊಬ್ಬನನ್ನೇ ಬೈಯುವುದೂ ನ್ಯಾಯವಲ್ಲ.

ತಾಯಂದಿರೇ, ಇನ್ನು ಮೆಹರಿನ ಮಾತು. ನಿಕಾಹದಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಧನ ಮೆಹರು. ಕುರಾನಿನ 4ನೆಯ ಅಧ್ಯಾಯದ ಆರಂಭದಲ್ಲಿಯೇ ಅದರ ಆಜ್ಞೆಯಿದೆ. ಅದು ಹೆಣ್ಣಿನ ತಂದೆಗಲ್ಲ, ಹೆಣ್ಣಿಗೇ. ಏಳನೆಯ ಶತಮಾನದಲ್ಲಿ ಹೆಣ್ಣಿನ ಕೈಗೆ ಅವಳದೇ ರೊಕ್ಕವನ್ನು ಕೊಟ್ಟ ಕಟ್ಟಳೆ ಇದು. ಈಗ ನಮ್ಮ ಐದು ತಾಲೂಕುಗಳ ಲಗ್ನಗಳನ್ನು ನೋಡಿರಿ. ನಿಕಾಹನಾಮೆಯಲ್ಲಿ ಮೆಹರು ಎಂದು ಬರೆದ ಮೊತ್ತ ಒಂದು ಜೊತೆ ಬಳೆಗೂ ಸಾಲದು, ಅದನ್ನೂ ಕೊಟ್ಟಿರುವುದಿಲ್ಲ. ಹಿಂದೂಗಳಿಂದ ಕಲಿತರೋ ಯಾರಿಂದ ಕಲಿತರೋ, ಹುಂಡಾ ಮಾತ್ರ ಮೋಟಾರ ಸೈಕಲ್ಲು, ಬಂಗಾರ, ಕಪಾಟು ಎಂದು ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಮೆರವಣಿಗೆಯಲ್ಲಿ ಹೋಗುತ್ತದೆ. 1961ರ ಹುಂಡಾ ನಿಷೇಧದ ಕಾಯ್ದೆ ಮೆಹರನ್ನು ಹುಂಡಾ ಅಲ್ಲವೆಂದು ಬಿಡಿಸಿ ಹೇಳಿತು. ಕಾಯ್ದೆ ಬಿಟ್ಟುಕೊಟ್ಟದ್ದು ನಿಂತುಹೋಯಿತು, ಕಾಯ್ದೆ ತಡೆದದ್ದು ನಡೆಯುತ್ತಿದೆ.

ಗಂಡ ತೀರಿದಾಗ ಹೆಣದ ಪಕ್ಕದಲ್ಲಿ ಹೆಂಗಸಿನ ಬಾಯಿಂದ 'ಮೆಹರು ಮಾಫಿ ಮಾಡಿದೆ' ಎಂದು ಹೇಳಿಸುವ ರೂಢಿಯನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಇದು ಯಾವ ಕಂಬದ ಮೇಲೂ ನಿಂತದ್ದಲ್ಲ. ಮೆಹರು ಗಂಡನ ಮೇಲಿರುವ ಸಾಲ. ಸತ್ತವನ ಆಸ್ತಿ ಪಾಲಾಗುವ ಮುಂಚೆ ತೀರಬೇಕಾದ ಸಾಲ. ಗಂಡನ ಆಸ್ತಿ ನ್ಯಾಯವಾಗಿ ಕೈಯಲ್ಲಿದ್ದರೆ, ಮೆಹರು ತೀರುವ ತನಕ ಅದನ್ನು ಬಿಡದೆ ಇಟ್ಟುಕೊಳ್ಳುವ ಹಕ್ಕು ವಿಧವೆಗೆ ಉಂಟು. ದುಃಖದ ಆ ಗಳಿಗೆಯಲ್ಲಿ ಹೇಳಿಸಿದ ಮಾಫಿ ಮುಕ್ತ ಮನಸ್ಸಿನ ಒಪ್ಪಿಗೆಯಲ್ಲವೆಂದು ಕೋರ್ಟು ಹೇಳಿದ್ದೂ ಉಂಟು. ಮಗನ ಅರ್ಧದಷ್ಟು ಪಾಲು ಮಗಳಿಗೆ ಎಂಬ ಕಟ್ಟಳೆಯ ಗತಿಯೂ ಇದೇ. 1937ರ ಶರೀಅತ್ ಕಾಯ್ದೆ ಬಂದಾಗ ಬೇಸಾಯದ ಜಮೀನನ್ನು ಅದರ ಹೊರಗೆ ಇಟ್ಟರು. ಅರ್ಧ ಪಾಲು ಸಾಲದು ಎಂಬ ವಾದ ನಮ್ಮದು. ಆದರೆ ಅರ್ಧವನ್ನೂ ಕೊಡದೆ ಧರ್ಮ ಉಳಿಯಿತೆನ್ನುವವರ ಜೊತೆ ನಾವು ಏನೆಂದು ವಾದಿಸೋಣ?

ನಮ್ಮ ಸಮಾಜವಾದಿ ಚಳವಳಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಗಡಿಯಾಚೆಯ ಹಮೀದ ದಳವಾಯಿ. 1966ರ ಏಪ್ರಿಲಿನಲ್ಲಿ ಏಳು ಜನ ಮುಸಲ್ಮಾನ ಹೆಂಗಸರೊಂದಿಗೆ ಮುಂಬಯಿಯ ವಿಧಾನಸಭೆಗೆ ಮೋರ್ಚಾ ಒಯ್ದರು. ಏಳೇ ಜನ. 1970ರಲ್ಲಿ ಪುಣೆಯಲ್ಲಿ ಮುಸ್ಲಿಮ ಸತ್ಯಶೋಧಕ ಮಂಡಳ ಕಟ್ಟಿದರು, 1977ರಲ್ಲಿ ನಲವತ್ತೈದೂ ತುಂಬದೆ ತೀರಿಕೊಂಡರು. ಒಂದೇ ಉಸಿರಿನ ಮೂರು ತಲಾಕು ನಿಲ್ಲದೆಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ಹೇಳಿತು. ಅದಕ್ಕೆ ಐವತ್ತೊಂದು ವರ್ಷ ಬೇಕಾಯಿತು. 2019ರ ಕಾಯ್ದೆ ಗಂಡನನ್ನು ಜೇಲಿಗೆ ಕಳಿಸುವ ಮಾತಾಡಿತು. ಅವನು ಜೇಲಿನಲ್ಲಿರುವಾಗ ಮಕ್ಕಳಿಗೆ ರೊಟ್ಟಿ ಎಲ್ಲಿಂದ ಎಂಬ ಪ್ರಶ್ನೆಗೆ ಅದರಲ್ಲಿ ಗಟ್ಟಿ ಉತ್ತರ ನಮಗೆ ಸಿಕ್ಕಿಲ್ಲ. ದಳವಾಯಿ ಕೇಳಿದ್ದು ಹೆಂಗಸಿನ ನ್ಯಾಯ, ಇನ್ನೊಂದು ಕೋಮಿನ ಮೇಲೆ ಗೆಲುವಲ್ಲ.

ಸಮಾನತೆಯ ಮಾತು ಎತ್ತದೆ ಮುಂದೆ ಹೋಗಲಾಗದು. ಮೊದಲ ಆಜಾನು ಕೂಗಿದವರು ಬಿಲಾಲರು, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹಬಶಿ. ನಮಾಜಿನ ಸಾಲಿನಲ್ಲಿ ಸಾವಕಾರನ ಭುಜಕ್ಕೆ ಹಮಾಲನ ಭುಜ ಹತ್ತಬೇಕು. ಅದು ಹತ್ತುತ್ತದೆ, ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಎಷ್ಟೋ ಗುಡಿಗಳಲ್ಲಿ ಇಂದಿಗೂ ಹತ್ತದ ಭುಜಗಳಿವೆ ಎಂಬುದನ್ನು ಹಿಂದೂಗಳಾದ ನಾವು ನೆನಪಿಡಬೇಕು. ಆದರೆ ಸಾಲು ಮುಗಿದು ಚಪ್ಪಲಿ ಮೆಟ್ಟಿದ ಮೇಲೆ? ನದಾಫ, ಮೋಮಿನ, ಬಾಗವಾನ, ಅತ್ತಾರ, ಮಣಿಯಾರ, ತಾಂಬೋಳಿ, ಶಿಕಲಗಾರ, ಕಲಾಯಿಗಾರ, ಮುಜಾವರ, ಮುಲ್ಲಾ. ಅಡ್ಡಹೆಸರು ಕೇಳಿದರೆ ಅಜ್ಜನ ಕಸುಬು ತಿಳಿಯುತ್ತದೆ, ಕಸುಬು ತಿಳಿದರೆ ಬೀಗತನ ಮಾಡಬಹುದೋ ಇಲ್ಲವೋ ತಿಳಿಯುತ್ತದೆ. ಹತ್ತಿ ಹಿಂಜುವ ಪಿಂಜಾರ-ನದಾಫರು ಸರಕಾರದ ಹಿಂದುಳಿದವರ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿದ್ದಾರೆ. ಧರ್ಮ ಬದಲಾದರೂ ಊರಿನ ಅಂತಸ್ತು ಬದಲಾಗಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಿಲಾಲರ ಕೆಲಸವನ್ನು ಇಂದು ಮಾಡುವ ಮುಅಜ್ಜಿನ್‌ನ ಸ್ಥಿತಿ ನೋಡಿರಿ. 2025ರ ರಾಜ್ಯ ಮುಂಗಡಪತ್ರದಲ್ಲಿ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಜ್ಜಿನ್‌ಗೆ 5,000 ರೂಪಾಯಿಗೆ ಏರಿಸುವುದಾಗಿ ಹೇಳಿದರು. ಏರಿಸಿದ ಮೇಲೆ ಇಷ್ಟು! ಇಮಾಮನು ಪೂಜಾರಿಯಲ್ಲ, ಇಸ್ಲಾಮಿನಲ್ಲಿ ಪೌರೋಹಿತ್ಯವಿಲ್ಲ; ಓದು ಬಲ್ಲ ಯಾರಾದರೂ ಮುಂದೆ ನಿಲ್ಲಬಹುದು. ಆದರೆ ಅವನನ್ನು ಇಡುವ, ತೆಗೆಯುವ ಜಮಾತಿನ ಸಮಿತಿಯಲ್ಲಿ ಹಮಾಲರು ಎಷ್ಟು ಜನ, ಬೀಡಿ ಕಟ್ಟುವವರ ಮನೆಯವರು ಎಷ್ಟು ಜನ?

ಇಷ್ಟು ಹೊತ್ತು ಬುನಾದಿಯ ಮಾತಾಯಿತು. ನಿತ್ಯದ ಸಂಪ್ರದಾಯವೆಂದರೆ ಇಷ್ಟೇ ಅಲ್ಲ. 1490ರಿಂದ 1686ರವರೆಗೆ ಈ ನಾಡು ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಅರಮನೆಯವರು ಏನು ಮಾಡಿದರೆಂಬುದು ಶಾಲೆಯ ಪುಸ್ತಕದಲ್ಲಿದೆ. ನಮಗೆ ಹೆಚ್ಚು ಬೇಕಾದದ್ದು ವಿಜಾಪುರದ ಚಿಶ್ತಿ ಸೂಫಿಗಳ ಕಡೆಯಿಂದ ಬಂದ ಚಕ್ಕಿನಾಮಾ, ಚರಖಾನಾಮಾ ಎಂಬ ದಖ್ಖನಿ ಹಾಡುಗಳು. ಬೀಸುವಾಗ, ನೂಲುವಾಗ ಹೆಂಗಸರು ಹಾಡುವ ಹಾಡುಗಳು. ಬೀಸುಕಲ್ಲಿನ ಹಿಡಿಯನ್ನು ದೇವರ ಹೆಸರಿನ ಮೊದಲಕ್ಷರಕ್ಕೆ ಹೋಲಿಸಿ ಧರ್ಮ ಕಲಿಸಿದರು. ಅರಬ್ಬಿ ಬಾರದ, ಮದರಸೆ ಕಾಣದ ಹೆಂಗಸಿಗೆ ಧರ್ಮ ಬಂದದ್ದು ಹೀಗೆ, ಕೈಯ ಕೆಲಸದ ಮೂಲಕ. ನಮ್ಮ ಜನಪದ ಬೀಸುವ ಪದಗಳ ನೆರೆಯಲ್ಲೇ ಅವು ಬೆಳೆದವು.

ಮೊಹರಮ್ಮಿನ ಮಾತು ನಿಮಗೆ ನಾವು ಹೇಳಬೇಕಾದದ್ದಿಲ್ಲ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗ ಹುಸೇನರು ದೊರೆಯ ಫೌಜಿನ ಕೈಯಲ್ಲಿ ಮಡಿದ ಶೋಕದ ದಿನ ಅದು. ನಮ್ಮ ಊರುಗಳಲ್ಲಿ ಅದು ಪಂಜಾ, ಡೋಲಿ, ಹೆಜ್ಜೆಯ ಕುಣಿತ, ಕನ್ನಡದ ರಿವಾಯತ ಪದ, ಚೋಂಗೆ, ಸಕ್ಕರೆ ಓದಿಸುವುದು ಎಲ್ಲವೂ ಆಗಿ, ಊರೇ ಅದನ್ನು ಆಚರಿಸುತ್ತದೆ. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಒಂದೂ ಮುಸಲ್ಮಾನ ಮನೆಯಿಲ್ಲದಿದ್ದರೂ ಮೊಹರಂ ನಡೆಯುವ ಸುದ್ದಿ 2022ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಿಪ್ಪಾಣಿಯ ಪೀರ ದಸ್ತಗೀರರ ಉರುಸಿನ ಜೊತೆ ಊರು ನೆನೆಯುವ ಹೆಸರು ಚವ್ಹಾಣ ಮನೆತನದ ಬಾಬಾ ಮಹಾರಾಜರದು. ಕಾಗವಾಡದಿಂದ ಕೂಗಳತೆಯ ಮಿರಜಿನಲ್ಲಿ ಮೀರಾಸಾಹೇಬರ ಉರುಸಿಗೆ ಮಾನದ ಗಲೀಫು ಬರುವುದು ಚಪ್ಪಲಿ ಹೊಲೆಯುವ ಸಮಾಜದಿಂದ. ಅಥಣಿಯ ಚಪ್ಪಲಿ ಕಟ್ಟುವ ಸಮಗಾರ ಬಂಧುಗಳೇ, ಯಾವ ಗುಡಿ ನಿಮಗೆ ಈ ಮಾನ ಕೊಟ್ಟಿದೆ, ಹೇಳಿರಿ. ನಿಮ್ಮ ಹೆಣಿಕೆಗೆ ಬರುವ ಆಡಿನ ಚರ್ಮವೂ ಕಟುಕರ ಓಣಿಯಿಂದಲೇ ಬರುವುದು. ಬಕರೀದದ ಕುರಬಾನಿಯ ಚರ್ಮವನ್ನು ಮಾರಿ ಸ್ವಂತಕ್ಕೆ ಬಳಸಬಾರದು, ದಾನಕ್ಕೆ ಕೊಡಬೇಕು ಎಂಬುದೂ ಒಂದು ಕಟ್ಟಳೆ.

ಹಳ್ಳಿಯಲ್ಲಿ ಕುರುಬರ, ಮರಾಠರ, ಬೇಡರ ಮನೆಯ ಕಾರ್ಯಕ್ಕೆ ಆಡು ಕೊಯ್ಯುತ್ತಿದ್ದವನು ಮುಲ್ಲಾ. ಅದಕ್ಕೆ ಅವನಿಗೆ ಒಂದು ಪಾಲು, ಸುಗ್ಗಿಯಲ್ಲಿ ಆಯದ ಕಾಳು. ಹಲಾಲು ಎಂಬ ಶಬ್ದ ಯಾರಿಗೂ ತೊಡಕಾಗಿರಲಿಲ್ಲ. 2022ರ ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಜಾಗ ಇಲ್ಲವೆಂದು ಫಲಕ ಹಾಕಿದರು, ಯುಗಾದಿಯ ಹೊತ್ತಿಗೆ ಹಲಾಲು ಮಾಂಸ ಬೇಡವೆಂಬ ಕೂಗೆದ್ದಿತು. ಆ ಗಾಳಿ ನಮ್ಮ ಕಡೆಗೂ ಬೀಸಿತು. ಜಾತ್ರೆಯಲ್ಲಿ ಬಳೆ, ಆಟಿಗೆ, ಬೆಂಡು-ಬತ್ತಾಸು ಮಾರಿ ನಾಲ್ಕು ತಿಂಗಳ ಅನ್ನ ಗಳಿಸುವವನನ್ನು ಓಡಿಸಿದರೆ ಜಾಗ ಯಾರಿಗೆ ಸಿಗುತ್ತದೆ? ಪಕ್ಕದ ಬಡ ಹಿಂದೂವಿಗೆ ಸಿಗುತ್ತದೆಂದು ನಂಬಿದವರು ಮುಂದಿನ ವರ್ಷ ಆ ಜಾಗದ ಹರಾಜಿನ ಮೊತ್ತ ಕೇಳಿ ನೋಡಲಿ.

ಇನ್ನೊಂದು ಕಡೆಯಿಂದಲೂ ಗಾಳಿ ಬೀಸುತ್ತಿದೆ, ಅದನ್ನು ಹೇಳದೆ ಬಿಟ್ಟರೆ ನಾವು ಅರ್ಧ ಹೇಳಿದಂತೆ. ಪಂಜಾ ಹಿಡಿಯುವುದು, ದರ್ಗಾಕ್ಕೆ ಗಲೀಫು ಹಾಕುವುದು, ಸಕ್ಕರೆ ಓದಿಸುವುದು ಬುನಾದಿಯಲ್ಲಿಲ್ಲ, ಬಿಡಬೇಕು ಎಂದು ಹೇಳುವ ಸುಧಾರಕರು ಮಸೂತಿಗಳಲ್ಲಿ ಹೆಚ್ಚುತ್ತಿದ್ದಾರೆ. ಶಾಸ್ತ್ರದ ಮಟ್ಟಿಗೆ ಅವರ ಮಾತು ಸರಿಯಿರಬಹುದು. ಅದನ್ನು ತೀರ್ಮಾನಿಸಲು ನಾವು ಮೌಲವಿಗಳಲ್ಲ. ನಮ್ಮ ಪ್ರಶ್ನೆ ಬೇರೆ. ಮೆಹರು ಕೊಡದ ನಿಕಾಹವನ್ನು ಓದಿಸಲಾರೆ ಎಂದು ಇವರು ಎಷ್ಟು ಸಲ ಎದ್ದು ಬಂದರು? ಬಡ್ಡಿ ಸಾವಕಾರನ ಮನೆಯ ಊಟ ಬೇಡವೆಂದು ಎಷ್ಟು ಸಲ ಹೇಳಿದರು? ಜಕಾತಿನ ಲೆಕ್ಕದ ಪುಸ್ತಕ ತೋರಿಸು ಎಂದು ವಖಾರಿಯ ಮಾಲೀಕನನ್ನು ಎಷ್ಟು ಸಲ ಕೇಳಿದರು? ಬುನಾದಿಯಲ್ಲಿ ಇಲ್ಲದ್ದನ್ನು ತೆಗೆಯುವಾಗ ಬಡವನ ಕುಣಿತ, ಬಡವಿಯ ಹರಕೆ ಮೊದಲು ಹೋಗುತ್ತವೆ. ಬುನಾದಿಯಲ್ಲಿ ಇದ್ದದ್ದನ್ನು ತರುವಾಗ ಮಾತ್ರ ಸಾವಕಾರನ ಅಂಗಡಿಯ ಮೆಟ್ಟಿಲಲ್ಲೇ ಸುಧಾರಣೆ ನಿಂತುಬಿಡುತ್ತದೆ. ನಮ್ಮ ಮುಸಲ್ಮಾನ ಸಂಗಾತಿಗಳು ಈ ಪ್ರಶ್ನೆಯನ್ನು ಜಮಾತಿನಲ್ಲಿ ತಾವೇ ಎತ್ತಬೇಕು. ಹೊರಗಿನಿಂದ ನಾವು ಎತ್ತಿದರೆ ಬಾಗಿಲು ಮುಚ್ಚುತ್ತದೆ, ಅದು ಸಹಜವೂ ಹೌದು.

ಭಾಷಣ ಇಲ್ಲಿಗೆ ಮುಗಿಯಬೇಕಿತ್ತು. ಆಗ ಹಿಂದಿನ ಸಾಲಿನಿಂದ ನಿಪ್ಪಾಣಿಯ ಒಬ್ಬ ಬೀಡಿ ಕಟ್ಟುವ ತಾಯಿ ಎದ್ದು ಕೇಳಿದರು: "ಅಣ್ಣಾರ, ಮಾತೇನೋ ಚಲೋ ಹೇಳಿದ್ರಿ. ನಾ ಮನ್ಯಾಗ ಮೆಹರ್ ಕೇಳಿದೆ ಅಂದ್ರ ಹೊರಗ ಹಾಕ್ತಾರು. ಹೊರಗ ಹಾಕಿದ ದಿನ ನಿಮ್ಮ ಪಕ್ಷದವ್ರು ಬರ್ತೀರೇನ್ರಿ?"

ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಬರುತ್ತೇವೆ ಎನ್ನುವುದು ಸುಲಭ. 1980ರ ಹೊತ್ತಿಗೆ ಅದೇ ನಿಪ್ಪಾಣಿಯ ತಂಬಾಕು ವಖಾರಿಗಳ ಹೆಂಗಸರು ಸಂಘ ಕಟ್ಟಿದಾಗ ಹೊರಗೆ ಹಾಕಿಸಿಕೊಂಡವರಿಗೆ ಆಸರೆಯಾದದ್ದು ಭಾಷಣಗಳಲ್ಲ, ಪಕ್ಕದಲ್ಲಿ ಕೂತು ತಂಬಾಕು ಕುಟ್ಟುತ್ತಿದ್ದ ಹೆಂಗಸರು. ಆದ್ದರಿಂದ ಸಭೆಯಲ್ಲೇ ಮಾತಾಡಿ ಇಷ್ಟು ಗೊತ್ತುಮಾಡಿದೆವು. ಸಂಘದ ಸಭೆ ಇನ್ನು ಮುಂದೆ ಶುಕ್ರವಾರ ಇಲ್ಲ, ಭಾನುವಾರ ಸಂಜೆ ನಾಲ್ಕಕ್ಕೆ. ನಿಕಾಹನಾಮೆ ಮನೆಯಲ್ಲಿದ್ದವರು ಅದರ ನಕಲು ತರಬೇಕು. ಕಾಯ್ದೆ ಬಲ್ಲ ಒಬ್ಬ ಹೆಣ್ಣುಮಗಳು ಓದಿ ಹೇಳುತ್ತಾರೆ, ಗಂಡಸರು ಆ ಹೊತ್ತು ಹೊರಗೆ ಚಹಾದ ಅಂಗಡಿಯಲ್ಲಿ ಕೂಡತಕ್ಕದ್ದು. ಹೊರಗೆ ಹಾಕಿಸಿಕೊಂಡವರಿಗೆ ಮೊದಲ ರಾತ್ರಿಗೆ ಮನೆ ಕೊಡುವವರು ಯಾರು ಎಂದು ಆ ತಾಯಿ ಮತ್ತೆ ಕೇಳಿದರು. ಮೂರು ಜನ ಕೈ ಎತ್ತಿದರು: ಒಬ್ಬ ಬಾಗವಾನ ಮುದುಕಿ, ಒಬ್ಬ ಸಮಗಾರ ಹೆಂಗಸು, ಒಬ್ಬ ಲಿಂಗಾಯತ ಮಾಸ್ತರ ಹೆಂಡತಿ. ಅವರ ಓಣಿಗಳ ಹೆಸರನ್ನು ಬರೆದುಕೊಂಡೆವು.